ಮೆರಿಟ್ ಪ್ರಶ್ನೆಯನ್ನು ಒಂದೇ ಬಾಗಿಲಲ್ಲಿ ಏಕೆ ಕೇಳುತ್ತೀರಿ?

ಸಿಇಟಿ, ನೀಟ್ ಫಲಿತಾಂಶ ಬಂದು ಸೀಟು ಹಂಚಿಕೆ ಶುರುವಾದರೆ ಸಾಕು, ಒಂದು ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಎಡಗಡೆ ಸಾಮಾನ್ಯ ವರ್ಗದ ಕಟ್‌ಆಫ್ ರ‍್ಯಾಂಕ್, ಬಲಗಡೆ ಪರಿಶಿಷ್ಟರ ಕಟ್‌ಆಫ್ ರ‍್ಯಾಂಕ್, ಕೆಳಗೆ ‘ಇಂಥವರ ಕೈಯಲ್ಲಿ ನಿಮ್ಮ ತಾಯಿಗೆ ಆಪರೇಷನ್ ಮಾಡಿಸುತ್ತೀರಾ?’ ಎಂಬ ಪ್ರಶ್ನೆ. ಈ ವರ್ಷವೂ ಬಂತು. ಕಳಿಸಿದವರಲ್ಲಿ ನನ್ನ ಜೊತೆ ಓದಿದವರಿದ್ದಾರೆ, ನೆಂಟರಿದ್ದಾರೆ, ನನ್ನ ಹಾಗೆಯೇ ಪಿಯು ಕಾಲೇಜಿನಲ್ಲಿ ಪಾಠ ಹೇಳುವವರೂ ಇದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವುದಕ್ಕಿಂತ ಇಲ್ಲಿಯೇ ಬರೆಯುತ್ತಿದ್ದೇನೆ. ಉದ್ದವಾಗಿದೆ. ಸಿಟ್ಟು ಬಂದರೂ ಪೂರ್ತಿ ಓದಿ.

ಮೊದಲು ಆಪರೇಷನ್ನಿನ ಮಾತು. ವೈದ್ಯಕೀಯ ಕಾಲೇಜಿನಲ್ಲಿ ಮೀಸಲಾತಿ ಇರುವುದು ಒಳಗೆ ಬರುವ ಬಾಗಿಲಲ್ಲಿ ಮಾತ್ರ. ಬಂದ ಮೇಲೆ ಅಂಗರಚನಾಶಾಸ್ತ್ರದ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಪಾಸಾಗಲು ಬೇಕಾದ ಅಂಕ ಒಂದೇ, ವಾರ್ಡಿನಲ್ಲಿ ರೋಗಿಯ ಪಕ್ಕ ನಿಂತು ಉತ್ತರ ಹೇಳಬೇಕಾದ ಪರೀಕ್ಷೆಯೂ ಒಂದೇ. ಜಾತಿ ಪ್ರಮಾಣಪತ್ರ ತೋರಿಸಿ ಯಾರೂ ಎಂಬಿಬಿಎಸ್ ಪಾಸಾಗುವುದಿಲ್ಲ. ಆ ಚಿತ್ರವನ್ನು ಹಂಚುವ ವಿದ್ಯಾವಂತರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಹಂಚುತ್ತಾರೆ ಎಂಬುದೇ ನನಗೆ ನೋವಿನ ವಿಷಯ.

ಈಗ 2023ರ ಸೆಪ್ಟೆಂಬರ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಸ್ನಾತಕೋತ್ತರ ವೈದ್ಯಕೀಯ ಸೀಟುಗಳು ಖಾಲಿ ಉಳಿಯುತ್ತಿವೆ ಎಂದು ನೀಟ್ ಪಿಜಿ ಅರ್ಹತೆಯನ್ನು ಎಲ್ಲ ವರ್ಗಗಳಿಗೂ ಶೂನ್ಯ ಪರ್ಸೆಂಟೈಲ್‌ಗೆ ಇಳಿಸಲಾಯಿತು. ಅಂದರೆ ಪರೀಕ್ಷೆ ಬರೆದವರೆಲ್ಲ ಕೌನ್ಸೆಲಿಂಗ್‌ಗೆ ಅರ್ಹರು. ಇಲ್ಲಿ ತಯಾರಾಗುವವರು ತಜ್ಞವೈದ್ಯರು, ಆಪರೇಷನ್ ಮಾಡುವವರೂ ಇವರಲ್ಲೇ ಇರುತ್ತಾರೆ. ಕೆಲವು ವೈದ್ಯರು ಆಕ್ಷೇಪ ಎತ್ತಿದರು ನಿಜ. ಆದರೆ ನನ್ನ ಮೊಬೈಲಿಗೆ ಒಂದೇ ಒಂದು ಚಿತ್ರ ಬರಲಿಲ್ಲ. ನೆಂಟರ ಗುಂಪಿನಲ್ಲಿ ಯಾರೂ ‘ದೇಶದ ಗತಿ ಏನು’ ಎಂದು ಕೇಳಲಿಲ್ಲ.

ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಅನಿವಾಸಿ ಭಾರತೀಯರ ಹೆಸರಿನಲ್ಲಿರುವ ಎನ್‌ಆರ್‌ಐ ಸೀಟುಗಳ ವಿಷಯದಲ್ಲೂ ಇದೇ ಕಥೆ. ನೀಟ್‌ನಲ್ಲಿ ಅರ್ಹತೆ ಪಡೆದಿದ್ದರೆ, ವರ್ಷಕ್ಕೆ ಹತ್ತಾರು ಲಕ್ಷ ಕಟ್ಟಬಲ್ಲ ಮನೆಯ ಮಗುವಿಗೆ ಎಷ್ಟೋ ಹಿಂದಿನ ರ‍್ಯಾಂಕಿನಲ್ಲೂ ಸೀಟು ಸಿಗುತ್ತದೆ. ಆ ಚಿತ್ರದಲ್ಲಿ ಎರಡು ಕಾಲಂ ಇವೆಯಲ್ಲ, ಮೂರನೆಯದೊಂದನ್ನು ಸೇರಿಸಿ ನೋಡಿ: ಹಣದ ಬಲದಿಂದ ಸೇರಿದ ಕೊನೆಯ ವಿದ್ಯಾರ್ಥಿಯ ರ‍್ಯಾಂಕ್.

ಹಣದ ಸೀಟು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1984ರಲ್ಲೇ ಕ್ಯಾಪಿಟೇಷನ್ ಶುಲ್ಕವನ್ನು, ಅಂದರೆ ನಿಗದಿತ ಶುಲ್ಕಕ್ಕಿಂತ ಹೆಚ್ಚಾಗಿ ಸೀಟಿಗೆಂದು ವಸೂಲಿ ಮಾಡುವ ಹಣವನ್ನು, ನಿಷೇಧಿಸುವ ಕಾಯ್ದೆ ತಂದ ರಾಜ್ಯವಿದು. ಆ ಮೇಲೂ 1989ರ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ ಶುಲ್ಕ ನಿಗದಿಯಾಯಿತು. ಅದನ್ನು ಪ್ರಶ್ನಿಸಿ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. ಅದೇ 1992ರ ಮೋಹಿನಿ ಜೈನ್ ಪ್ರಕರಣ. ಕ್ಯಾಪಿಟೇಷನ್ ಶುಲ್ಕ ಕಾನೂನುಬಾಹಿರ ಎಂದು ನ್ಯಾಯಾಲಯ ಹೇಳಿತು. ಮರುವರ್ಷವೇ ಉಣ್ಣಿಕೃಷ್ಣನ್ ತೀರ್ಪು ಬಂದು, ಖಾಸಗಿ ಕಾಲೇಜಿನ ಸೀಟುಗಳು ಕಡಿಮೆ ಶುಲ್ಕದ ‘ಫ್ರೀ ಸೀಟು’, ಹೆಚ್ಚು ಶುಲ್ಕದ ‘ಪೇಮೆಂಟ್ ಸೀಟು’ ಎಂದು ಎರಡಾದವು. ನನ್ನ ವಯಸ್ಸಿನವರಿಗೆ ಈ ಎರಡು ಪದಗಳು ಚೆನ್ನಾಗಿ ನೆನಪಿರುತ್ತವೆ. ‘ಮಗನಿಗೆ ಪೇಮೆಂಟ್ ಸೀಟು ಸಿಕ್ಕಿತು’ ಎಂದು ತಂದೆಯಾದವನು ಹೆಮ್ಮೆಯಿಂದಲೇ ಹೇಳುತ್ತಿದ್ದ. ಕೇಳಿದವರು ಅಭಿನಂದಿಸುತ್ತಿದ್ದರು. ಆ ಮಗನ ರ‍್ಯಾಂಕನ್ನು ಯಾರೂ ವಿಚಾರಿಸುತ್ತಿರಲಿಲ್ಲ.

ದಕ್ಷತೆ ಕುಸಿಯುತ್ತದೆ ಎಂಬ ವಾದಕ್ಕೆ ನಮ್ಮಲ್ಲಿ ನೂರು ವರ್ಷ ದಾಟಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಗಳಲ್ಲಿ ಒಂದೇ ಸಮುದಾಯ ತುಂಬಿಕೊಂಡಿದೆ, ಉಳಿದವರಿಗೂ ಪಾಲು ಬೇಕು ಎಂಬ ಬೇಡಿಕೆ ಅದರ ಹಿಂದಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆಯನ್ನು ಬದಿಗಿಟ್ಟರೆ ಆಡಳಿತ ಸೊರಗುತ್ತದೆ ಎಂಬುದು ಅವರ ಆತಂಕವಾಗಿತ್ತು. ಶಿಕ್ಷಣವನ್ನು ಎಲ್ಲರಿಗೂ ಹಬ್ಬಿಸಿ, ಆಮೇಲೆ ಉಳಿದದ್ದು ತಾನಾಗಿ ಆಗುತ್ತದೆ ಎಂದು ನಂಬಿದ್ದ ದೊಡ್ಡ ಮನುಷ್ಯ ಅವರು. ನನಗೆ ಅವರ ಬಗ್ಗೆ ಗೌರವವಿದೆ. ಆದರೆ ಮಹಾರಾಜರು ಆ ‘ಆಮೇಲೆ’ಗೆ ಕಾಯಲಿಲ್ಲ, ಮಿಲ್ಲರ್ ಸಮಿತಿಯ ಶಿಫಾರಸುಗಳನ್ನು ಜಾರಿಗೆ ತಂದರು. ಮೈಸೂರಿನ ಆಡಳಿತ ಅದರಿಂದ ಕುಸಿದು ಬೀಳಲಿಲ್ಲ. ಇಂದು ಮೀಸಲಾತಿ ಬೇಡ ಎನ್ನುವ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟಿದ್ದು ಆ ಕಾಲದ ವಿದ್ಯಾರ್ಥಿವೇತನದಿಂದ ಎಂಬುದನ್ನು ಅವರ ಅಜ್ಜಂದಿರೇ ಹೇಳಬಲ್ಲರು.

1962ರಲ್ಲಿ ಮತ್ತೆ ನಮ್ಮದೇ ರಾಜ್ಯ. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಶೇ 68ರಷ್ಟು ಸೀಟುಗಳನ್ನು ಮೀಸಲಿಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು ಎಂಬ ಮಾತು ಬಂದದ್ದು ಆ ಬಾಲಾಜಿ ಪ್ರಕರಣದಲ್ಲಿ. 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನು ಗಟ್ಟಿ ಮಾಡಿತು. ಹಿಂದುಳಿದವರು ಕೇಳಿದಾಗಲೆಲ್ಲ ಈ ಗೆರೆಯನ್ನು ತೋರಿಸಿ ಹಿಂದೆ ಕಳಿಸಲಾಯಿತು. 2019ರಲ್ಲಿ ಆರ್ಥಿಕವಾಗಿ ದುರ್ಬಲರಾದ ಸಾಮಾನ್ಯ ವರ್ಗದವರಿಗೆ ಶೇ 10ರಷ್ಟು ಮೀಸಲಾತಿ ಕೊಡುವ 103ನೇ ತಿದ್ದುಪಡಿ ಬಂದಾಗ ಅದೇ ಗೆರೆ ಸಡಿಲವಾಯಿತು. 2022ರಲ್ಲಿ ಸುಪ್ರೀಂ ಕೋರ್ಟ್ 3–2ರ ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. ಕುಟುಂಬದ ವಾರ್ಷಿಕ ವರಮಾನ ಎಂಟು ಲಕ್ಷದೊಳಗಿದ್ದರೆ ಅವರು ದುರ್ಬಲರು. ಆದರೆ ಪರಿಶಿಷ್ಟರ, ಹಿಂದುಳಿದವರ ಮನೆಯ ಕಡುಬಡವರಿಗೆ ಆ ಹತ್ತರಲ್ಲಿ ಜಾಗವಿಲ್ಲ. ಬಡ ಬ್ರಾಹ್ಮಣನ ಮಗನಿಗೆ ನೆರವು ಸಿಗಬಾರದೆಂದು ನಾನು ಹೇಳುತ್ತಿಲ್ಲ, ಸಿಗಲೇಬೇಕು. ನನ್ನ ಪ್ರಶ್ನೆ ಬೇರೆ. ಆ ಶೇ 10ರ ಸೀಟುಗಳ ಕಟ್‌ಆಫ್ ಕೂಡ ಹೆಚ್ಚಾಗಿ ಸಾಮಾನ್ಯ ಕಟ್‌ಆಫ್‌ಗಿಂತ ಕೆಳಗಿರುತ್ತದೆ. ಅದನ್ನು ಹಿಡಿದು ಆಪರೇಷನ್ನಿನ ಪ್ರಶ್ನೆ ಕೇಳಿದವರು ಯಾರಿದ್ದಾರೆ?

ರ‍್ಯಾಂಕ್ ಏನನ್ನು ಅಳೆಯುತ್ತದೆ ಎಂಬುದನ್ನು ನಾನು ಪ್ರತಿ ವರ್ಷ ಹತ್ತಿರದಿಂದ ನೋಡುತ್ತೇನೆ. ನಾನು ಭೌತಶಾಸ್ತ್ರ ಕಲಿಸುವ ಸರ್ಕಾರಿ ಪಿಯು ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಜೂನ್‌ನಲ್ಲಿ ಒಮ್ಮೆಲೇ ಎಲ್ಲವೂ ಇಂಗ್ಲಿಷ್. ನಗರದ ಮಗು ಒಂಬತ್ತನೇ ತರಗತಿಯಿಂದಲೇ ಕೋಚಿಂಗ್‌ಗೆ ಹೋಗಿ ಅದೇ ಲೆಕ್ಕವನ್ನು ನಾಲ್ಕನೇ ಸಲ ಮಾಡುತ್ತಿರುವಾಗ, ನಮ್ಮ ಮಗು ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯಲು ಅದನ್ನು ಎರಡು ಸಲ ಓದುತ್ತದೆ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಆ ಎರಡನೇ ಓದಿಗೆ ಅಲ್ಲಿ ಬಿಡುವಿಲ್ಲ.

ಕಳೆದ ಬಾರಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಲು, ಕುಳಿತಾಗ ಒಬ್ಬ ಹುಡುಗಿ, ಅಪ್ಪ ಗಾರೆ ಕೆಲಸದವರು, ತನಗೆ ಸಿಗಬಹುದಾಗಿದ್ದ ಒಳ್ಳೆಯ ಎಂಜಿನಿಯರಿಂಗ್ ಕಾಲೇಜನ್ನು ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಹಾಕಿದ್ದಳು. ಏಕಮ್ಮಾ ಎಂದೆ. ‘ಸರ್, ಅಲ್ಲಿ ಹಾಸ್ಟೆಲ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಇಲ್ಲಿಯಾದರೆ ಅಕ್ಕನ ಮನೆಯಿದೆ’ ಎಂದಳು. ಅವಳಪ್ಪ ಪಕ್ಕದಲ್ಲಿ ದಾಖಲೆಗಳ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದರು. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಜೊತೆ ಒಂದು ಇನಿಷಿಯಲ್, ಜಾತಿ ಪ್ರಮಾಣಪತ್ರದಲ್ಲಿ ಎರಡು. ಅದನ್ನು ಸರಿಪಡಿಸಲು ನಾಡಕಚೇರಿಗೆ ಹೋದ ದಿನಗಳ ಕೂಲಿ ಹೋಗಿತ್ತು. ‘ಮೇಷ್ಟ್ರೇ, ಇನ್ನೊಂದು ಸಲ ಬಾ ಎಂದರೆ ಹೋಗುತ್ತೇನೆ, ಸೀಟು ಮಾತ್ರ ತಪ್ಪಬಾರದು’ ಎಂದರು. ಅವಳು ಪಡೆದ ರ‍್ಯಾಂಕಿನಲ್ಲಿ ಇದೆಲ್ಲ ಎಲ್ಲಿ ಕಾಣುತ್ತದೆ? ಅಕ್ಕನ ಮನೆ ಎಲ್ಲಿದೆ ಎಂಬುದರ ಮೇಲೆ ಕಾಲೇಜು ಆರಿಸಿಕೊಳ್ಳುವ ಮಗು ಮತ್ತು ಯಾವ ಕ್ಯಾಂಪಸ್ಸಿನಲ್ಲಿ ಉದ್ಯೋಗಾವಕಾಶ ಚೆನ್ನಾಗಿದೆ ಎಂದು ನೋಡಿ ಆರಿಸಿಕೊಳ್ಳುವ ಮಗು, ಇಬ್ಬರ ರ‍್ಯಾಂಕನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದು ಇದೇ ಪ್ರತಿಭೆ ಎಂದರೆ ನಾನು ಒಪ್ಪುವುದಿಲ್ಲ. ಮೀಸಲಾತಿ ಆ ಹುಡುಗಿಗೆ ಹಾಕಿದ ಭಿಕ್ಷೆಯಲ್ಲ. ಅಳತೆಯಲ್ಲಿ ಇರುವ ತಪ್ಪಿಗೆ ಮಾಡಿದ ತಿದ್ದುಪಡಿ.

ಸೀಟು ಸಿಕ್ಕಿದರೂ ಕಥೆ ಮುಗಿಯುವುದಿಲ್ಲ. 2024ರಲ್ಲಿ ಮುಜಫ್ಫರ್‌ನಗರದ ದಲಿತ ಕೂಲಿಕಾರರೊಬ್ಬರ ಮಗನಿಗೆ ಧನಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತ್ತು. ಗಡುವಿನೊಳಗೆ 17,500 ರೂಪಾಯಿ ಕಟ್ಟಲಾಗದೆ ಅದು ಕೈತಪ್ಪಿತು. ಕೊನೆಗೆ ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ಅವನನ್ನು ಸೇರಿಸಿಕೊಳ್ಳುವಂತೆ ಆದೇಶಿಸಿತು. ಅವನಿಗೆ ದೆಹಲಿಯವರೆಗೆ ಹೋಗುವ ದಾರಿ ತೆರೆಯಿತು. ನಮ್ಮ ತಾಲ್ಲೂಕುಗಳಲ್ಲಿ ಹೀಗೆ ಸೀಟು ಕಳೆದುಕೊಳ್ಳುವ ಮಕ್ಕಳು ಸುಮ್ಮನೆ ಮನೆಗೆ ಹೋಗುತ್ತಾರೆ.

‘ಸರಿ, ಹಾಗಾದರೆ ಬಡತನ ನೋಡಿ ಕೊಡಿ, ಜಾತಿ ಏಕೆ?’ ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳುವವರಿದ್ದಾರೆ. ಅವರಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ್ದನ್ನು ಹೇಳುತ್ತೇನೆ. ದೊಡ್ಡ ಕಾಲೇಜೊಂದರ ಹಾಸ್ಟೆಲಿಗೆ ಹೋದ ಮೊದಲ ವಾರ ಎಲ್ಲರೂ ಅವನನ್ನು ಕೇಳಿದ್ದು ‘ನಿನ್ನ ರ‍್ಯಾಂಕ್ ಎಷ್ಟು?’ ಎಂದು. ಜಾತಿ ಕೇಳುವುದು ಅಸಭ್ಯ, ರ‍್ಯಾಂಕ್ ಕೇಳಿದರೆ ಜಾತಿ ತಾನಾಗಿ ತಿಳಿಯುತ್ತದೆ. ಅವನು ಹೇಳಿದ. ಮರುದಿನದಿಂದ ಊಟದ ಮೇಜಿನಲ್ಲಿ ಅವನ ಜೊತೆ ಕೂರುವವರು ಬದಲಾದರು. ಅವನಪ್ಪ ಬ್ಯಾಂಕ್ ನೌಕರ, ಬಡವನಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಸ್ಥಿತಿಯನ್ನು ಪರಿಶೀಲಿಸಿದ ಸುಖದೇವ್ ಥೋರಟ್ ಸಮಿತಿ 2007ರ ವರದಿಯಲ್ಲಿ ಹಾಸ್ಟೆಲ್ಲಿನಿಂದ ತರಗತಿಯವರೆಗಿನ ಇಂಥ ತಾರತಮ್ಯವನ್ನು ದಾಖಲಿಸಿದೆ. ಸಂಬಳ ಬಂದರೆ ಬಡತನ ಹೋಗಬಹುದು. ಇದು ಹೋಗಿಲ್ಲ.

ಈಚೆಗೆ ಅಮೆರಿಕದ ತೀರ್ಪನ್ನೂ ಕಳಿಸುತ್ತಾರೆ. 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದು ತಪ್ಪು ಎಂದಿತು, ನೋಡಿ ಅವರೇ ಬಿಟ್ಟರು ಎಂಬ ವಾದ. ನಮ್ಮಂತೆ ನಿಗದಿತ ಸೀಟುಗಳ ಪದ್ಧತಿ ಅಲ್ಲಿ 1978ರ ಬಕಿ ಪ್ರಕರಣದಿಂದಲೇ ಇರಲಿಲ್ಲ, ಹಲವು ಅಂಶಗಳಲ್ಲಿ ಜನಾಂಗವೂ ಒಂದಾಗಿತ್ತಷ್ಟೆ. 2023ರಲ್ಲಿ ಅದೂ ಹೋಯಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ, ದೊಡ್ಡ ದೇಣಿಗೆ ಕೊಟ್ಟವರ ಮಕ್ಕಳಿಗೆ ಸಿಗುವ ಆದ್ಯತೆಯನ್ನು ಮಾತ್ರ ಆ ತೀರ್ಪು ಮುಟ್ಟಲಿಲ್ಲ. ಅಲ್ಲಿಯೂ ಪ್ರಶ್ನೆ ಕೇಳಿದ್ದು ಒಂದೇ ಬಾಗಿಲಲ್ಲಿ.

ಇನ್ನು ಮೀಸಲಾತಿಯ ಪರ ಇರುವ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಅಳತೆಯ ತಪ್ಪನ್ನು ತಿದ್ದಬೇಕು ಎಂಬ ನ್ಯಾಯ ನಮ್ಮೊಳಗೂ ನಡೆಯಬೇಕು. 2024ರ ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳಲ್ಲಿ ಒಳವರ್ಗೀಕರಣ ಮಾಡಬಹುದು, ಅಂದರೆ ಅವರ ಮೀಸಲಾತಿಯನ್ನು ಒಳಗಿನ ಗುಂಪುಗಳಿಗೆ ಹಂಚಬಹುದು ಎಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಮಾದಿಗ ಸಮುದಾಯ ದಶಕಗಳಿಂದ ಬೀದಿಯಲ್ಲಿ ನಿಂತು ಕೇಳಿದ್ದು ಅದನ್ನೇ. ಆದರೆ 2025ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಪರಿಶಿಷ್ಟ ಜಾತಿಗಳ ಶೇ 17ನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಿದಾಗ, ಅವರಲ್ಲೇ ಇರುವ ಅಲೆಮಾರಿಗಳಿಗೆ ಪ್ರತ್ಯೇಕ ಪಾಲು ಸಿಗಲಿಲ್ಲ. ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಅವರಿಗಾಗಿ ಬೇರೆಯಾಗಿ ಶೇ 1ನ್ನು ಶಿಫಾರಸು ಮಾಡಿತ್ತು. ಅದನ್ನು ಬಿಟ್ಟು, ಅವರಿಗಿಂತ ಬಹಳ ಮುಂದಿರುವ ಸಮುದಾಯಗಳ ಜೊತೆ ಅವರನ್ನು ಸೇರಿಸಲಾಯಿತು. ಊರಾಚೆಯ ಗುಡಾರದಿಂದ ಬರುವ ಮಗು, ಮನೆಯಲ್ಲಿ ಇಬ್ಬರು ಪದವೀಧರರಿರುವ ಮಗುವಿನ ಜೊತೆ ಅದೇ ಐದರಲ್ಲಿ ಸ್ಪರ್ಧಿಸಬೇಕು. ಇದನ್ನು ನಾವು ಒಪ್ಪಿಕೊಂಡು ಕುಳಿತರೆ, ಸಾಮಾನ್ಯ ವರ್ಗದವರ ಮುಂದೆ ನಾವು ಆಡುವ ನ್ಯಾಯದ ಮಾತಿಗೆ ಬಲವಿರುವುದಿಲ್ಲ. ಅಲೆಮಾರಿಗಳ ಸಂಖ್ಯೆ ಕಡಿಮೆ, ಮತ ಕಡಿಮೆ, ಆದ್ದರಿಂದಲೇ ಅವರ ಪರವಾಗಿ ನಾವು ಹೆಚ್ಚು ಗಟ್ಟಿಯಾಗಿ ಕೇಳಬೇಕು.

ಉಪನ್ಯಾಸಕ ಮಿತ್ರರಲ್ಲಿ ಒಂದು ವಿನಂತಿ. ಆಪ್ಷನ್ ಎಂಟ್ರಿ ನಡೆಯುವ ದಿನಗಳಲ್ಲಿ ಮಕ್ಕಳನ್ನು ಸೈಬರ್ ಸೆಂಟರಿನವರ ಕೈಗೆ ಬಿಡಬೇಡಿ. ಪಕ್ಕದಲ್ಲಿ ಕುಳಿತು ಕಾಲೇಜುಗಳ ಕ್ರಮ ನೋಡಿ, ಹಾಸ್ಟೆಲ್ ಇದೆಯೇ ಎಂದು ಆ ಕಾಲೇಜಿಗೆ ನೀವೇ ಫೋನ್ ಮಾಡಿ ಕೇಳಿ, ಶುಲ್ಕ ಕಟ್ಟುವ ಕೊನೆಯ ದಿನವನ್ನು ಅಪ್ಪ ಅಮ್ಮನಿಗೆ ಬರೆದುಕೊಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಆಗಿದೆಯೇ ಎಂದು ಪರಿಶೀಲನೆಗೆ ಹೋಗುವ ಮೊದಲೇ ನೋಡಿ. ನಮ್ಮ ಕಾಲೇಜಿನಲ್ಲಿ ನಾವು ಮೂವರು ಇದನ್ನು ಮಾಡುತ್ತಿದ್ದೇವೆ. ಸುತ್ತಮುತ್ತಲಿನ ಯಾವುದೇ ಕಾಲೇಜಿನ ಮಕ್ಕಳಿಗೆ ಸಹಾಯ ಬೇಕಿದ್ದರೆ ಇನ್‌ಬಾಕ್ಸ್‌ಗೆ ಬರೆಯಿರಿ, ಸಂಜೆ ಐದರ ಮೇಲೆ ಸಿಗುತ್ತೇನೆ.