ಮುಂದೆ ಇರುವವರೆಲ್ಲ ಗಟ್ಟಿಗರೇನಲ್ಲ

"ಬಲ ಇದ್ದವನು ಉಳೀತಾನೆ, ವಿಕಾಸ ಅಂದ್ರೆ ಅಷ್ಟೇ" ಅಂತ ಯಾರಾದರೂ ಬರೆದಾಗಲೆಲ್ಲ ನನಗೆ ಆಸ್ಟ್ರೇಲಿಯಾದ ಕೇನ್ ಟೋಡ್ ನೆನಪಾಗುತ್ತದೆ. ಅದೊಂದು ನೆಲಗಪ್ಪೆ. ಕಬ್ಬಿಗೆ ಬೀಳುವ ದುಂಬಿಗಳನ್ನು ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ಕ್ವೀನ್ಸ್‌ಲ್ಯಾಂಡಿಗೆ ತಂದರು. ದುಂಬಿಯ ಕಾಟವೇನೂ ತಪ್ಪಲಿಲ್ಲ, ಕಪ್ಪೆ ಮಾತ್ರ ಪಶ್ಚಿಮದ ಕಡೆ ಹೊರಟಿತು. ಮೊದಮೊದಲು ವರ್ಷಕ್ಕೆ ಸುಮಾರು 10 ಕಿ.ಮೀ. ಹರಡುತ್ತಿದ್ದದ್ದು ಆಮೇಲೆ 50 ದಾಟಿತು.

ಹೀಗೆ ವೇಗ ಹೆಚ್ಚುತ್ತಾ ಹೋಗುವುದು ಹಳೆಯ ಗಣಿತಕ್ಕೆ ಒಗ್ಗುವುದಿಲ್ಲ. 1937ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಒಂದು ಸಮೀಕರಣ ಕೊಟ್ಟರು (ಅದೇ ವರ್ಷ ರಷ್ಯಾದಲ್ಲಿ ಗಣಿತಜ್ಞ ಕೊಲ್ಮೊಗೊರೊವ್ ಮತ್ತು ಇಬ್ಬರು ಜೊತೆಗಾರರೂ ತಾವಾಗೇ ಅಲ್ಲಿಗೆ ಬಂದಿದ್ದರು). ಅದರ ಪ್ರಕಾರ ಒಳ್ಳೆಯ ಜೀನ್ ಅಲೆಯಾಗಿ ಹರಡುತ್ತದೆ, ಒಂದೇ ವೇಗದಲ್ಲಿ. ಹೊಸ ಜಾಗಕ್ಕೆ ಹರಡುವ ಪ್ರಾಣಿಗಳಿಗೂ ಇದೇ ಲೆಕ್ಕ ಹಾಕುತ್ತಾರೆ. ಹೆಚ್ಚುವ ದರ, ಓಡಾಟದ ದರ ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ದುಪ್ಪಟ್ಟು ಮಾಡಿದರೆ ಆ ವೇಗ ಸಿಗುತ್ತದೆ. ಎಷ್ಟು ಚೆಂದ ಅಲ್ವಾ? ಆದರೆ ಎಲ್ಲವೂ ಒಂದೇ ಥರ ಓಡಾಡುತ್ತವೆ ಅಂತ ಇಲ್ಲಿ ಒಪ್ಪಿಕೊಂಡುಬಿಟ್ಟಿರುತ್ತೇವೆ.

ಕಪ್ಪೆಗಳಲ್ಲಿ ಹಾಗಿಲ್ಲ. ಉದ್ದ ಕಾಲಿನವು ಮುಂದೆ ಹೋಗುತ್ತವೆ, ಅಲ್ಲಿ ಅವಕ್ಕೆ ಜೋಡಿಯಾಗಿ ಸಿಗುವವೂ ಅಂಥವೇ, ಮಕ್ಕಳಲ್ಲಿ ಇನ್ನೂ ಜೋರಾಗಿ ಓಡುವವು ಹುಟ್ಟಿದರೆ ಮತ್ತೆ ಅವೇ ಮುಂದೆ. 2006ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಮುಂಚೂಣಿಯ ಕಪ್ಪೆಗಳ ಕಾಲು ನಿಜವಾಗಲೂ ಉದ್ದ ಇತ್ತು. ಗಮನಿಸಿ, ಇದಕ್ಕೆ ಹಿಂದೆ ಉಳಿದವು ಸಾಯಬೇಕಿಲ್ಲ, ಮುಂದಿನವು ಜಾಸ್ತಿ ಮೊಟ್ಟೆ ಇಡಬೇಕಿಲ್ಲ. ಎಲ್ಲಿ ನಿಂತಿವೆ ಅನ್ನುವುದೇ ಸಾಕು.

ಓಡಾಟದ ದರವೂ ತಲೆಮಾರಿನಿಂದ ತಲೆಮಾರಿಗೆ ಬದಲಾಗಬಹುದು ಅಂತ ಸಮೀಕರಣಕ್ಕೆ ಸೇರಿಸಿದರೆ ದೂರವು ಕಾಲದ 3/2 ಘಾತದಲ್ಲಿ, ಅಂದರೆ ಕಾಲವನ್ನು ಅದರ ವರ್ಗಮೂಲದಿಂದ ಗುಣಿಸಿದ ಹಾಗೆ, ಬೆಳೆಯುತ್ತದೆ. ಫಿಶರ್ ಲೆಕ್ಕದಲ್ಲಿ ನಾಲ್ಕು ಪಟ್ಟು ಸಮಯಕ್ಕೆ ನಾಲ್ಕು ಪಟ್ಟು ದೂರ. ಇಲ್ಲಿ ಎಂಟು ಪಟ್ಟು! ಈ ಲೆಕ್ಕ ವೇಗಕ್ಕೆ ಮಿತಿಯೇ ಇಲ್ಲ ಅಂದುಕೊಂಡಿದೆ, ಪಾಪದ ಕಪ್ಪೆಗೆ ಮಿತಿ ಇದೆ. ಮುಂಚೂಣಿಯ ದೊಡ್ಡ ಕಪ್ಪೆಗಳಿಗೆ ಬೆನ್ನುಮೂಳೆಯ ಸಂಧಿವಾತ ಬರುತ್ತಿರುವುದು ಕಂಡುಬಂದಿದೆ. ಇವನ್ನು "ಗಟ್ಟಿ" ಅನ್ನುವುದು ಯಾವ ನ್ಯಾಯ?

ಕಪ್ಪೆಯಲ್ಲಾದರೂ ಕಾಲಿನ ವ್ಯತ್ಯಾಸ ಇತ್ತು. 2007ರಲ್ಲಿ ಹಾರ್ವರ್ಡ್‌ನಲ್ಲಿ ಎರಡು ಬಣ್ಣದಲ್ಲಿ ಹೊಳೆಯುವ ಇ. ಕೋಲೈ ಬ್ಯಾಕ್ಟೀರಿಯಾ ಬೆರೆಸಿ ಒಂದು ತಟ್ಟೆಯ ಮೇಲೆ ಹನಿ ಹಾಕಿದರು. ಬಣ್ಣ ಬಿಟ್ಟರೆ ಎರಡೂ ಒಂದೇ, ಬೆಳೆಯುವ ವೇಗವೂ ಒಂದೇ. ಆದರೂ ನಡುವೆ ಬೆರೆತೇ ಇದ್ದ ಬಣ್ಣಗಳು ಅಂಚಿಗೆ ಹೋಗುತ್ತಾ ಬೇರೆ ಬೇರೆ ಪಟ್ಟೆಗಳಾದವು. ಅಂಚಿನಲ್ಲಿ ಸಿಕ್ಕಿಕೊಂಡ ಕೆಲವೇ ಕೋಶಗಳ ಮಕ್ಕಳು ಖಾಲಿ ಜಾಗವನ್ನೆಲ್ಲ ತುಂಬಿಬಿಟ್ಟವು. ಬಲ ಅಲ್ಲ, ಬರೀ ಅದೃಷ್ಟ.