ಲಿಪ್‌ಸ್ಟಿಕ್ ಬದಲಾಯಿತು, ಮರ್ಯಾದೆಯ ಲೆಕ್ಕ ಬಾಕಿ ಇದೆ

ಅಂಗಡಿಯ ಗಾಜು ಹೊಳೆದಷ್ಟೂ ಒಂಟಿಯಾಗಿ ಬಂದ ಮಗುವಿಗೆ ಸಿಗುವ ಮರ್ಯಾದೆ ಕಡಿಮೆಯಾಗುತ್ತದೆಯೇ ಎಂಬ ಗುಮಾನಿ ನನಗೆ ಬರತೊಡಗಿದೆ. ನಮ್ಮ ಬೆಳಗಾವಿಯ ಗಣಪತ್ ಗಲ್ಲಿಯಲ್ಲಿ ಕ್ಲಿಪ್ಪು, ಟಿಕಳಿ, ರಿಬ್ಬನ್ ಮಾರುವವರ ಮುಂದೆ ಹತ್ತು ರೂಪಾಯಿ ಹಿಡಿದು ನಿಂತ ಹುಡುಗಿಗೂ ನಾಲ್ಕು ಬಣ್ಣ ತೆಗೆದು ತೋರಿಸುತ್ತಾರೆ. ಎಸಿ ಹಾಕಿದ ಮಳಿಗೆಯಲ್ಲಿ ಅದೇ ಹುಡುಗಿ ಕಳ್ಳಿಯಾಗುತ್ತಾಳೆ.

ಪಂಚಮಿಗೆಂದು ತವರಿಗೆ ಬಂದಿದ್ದೆ. ಅಣ್ಣನ ಮಗಳಿಗೆ ಈಗ ಹನ್ನೊಂದು ವರ್ಷ. ಅತ್ತೆಗೆ ತಾನೂ ಏನಾದರೂ ಕೊಡಬೇಕೆಂದು ಕೂಡಿಟ್ಟ ದುಡ್ಡು ತೆಗೆದುಕೊಂಡು, ಯಾರಿಗೂ ಹೇಳದೆ ಓಣಿಯಾಚೆಯ ಸೌಂದರ್ಯ ಸಾಮಗ್ರಿಗಳ ದೊಡ್ಡ ಮಳಿಗೆಗೆ ಹೋಗಿ ನನಗೊಂದು ಲಿಪ್‌ಸ್ಟಿಕ್ ತಂದಳು. ಹೊಸ ಲಿಪ್‌ಸ್ಟಿಕ್‌ನ ತುದಿ ಓರೆಯಾಗಿ ಕೊಯ್ದಂತೆ ಚೂಪಾಗಿರುತ್ತದೆ. ಇದರ ತುದಿ ಸವೆದು ಮೊಂಡಾಗಿತ್ತು, ಅಂಚಿಗೆ ಬೇರೆ ಯಾವುದೋ ಕಂದು ಬಣ್ಣ ಮೆತ್ತಿತ್ತು. ಡಬ್ಬಿಗೆ ಸೀಲ್ ಇರಲಿಲ್ಲ. ಗಿರಾಕಿಗಳು ಹಚ್ಚಿ ನೋಡಲೆಂದು ಇಟ್ಟಿದ್ದನ್ನೇ ಡಬ್ಬಿಗೆ ತುಂಬಿ, ಪೂರ್ತಿ ಬೆಲೆ ತೆಗೆದುಕೊಂಡಿದ್ದರು. ಹತ್ತು ಜನರ ತುಟಿಗೆ ತಾಗಿದ ವಸ್ತುವಿನಿಂದ ಸೋಂಕು ತಗಲಬಹುದು ಎಂಬುದು ಅದನ್ನು ಮಾರುವವರಿಗೆ ತಿಳಿಯದ ಸಂಗತಿಯೇನಲ್ಲ.

ಕೆದಕಿ ಕೇಳಿದಾಗ ಉಳಿದದ್ದೂ ಹೊರಬಂತು. ಒಳಗೆ ಕಾಲಿಟ್ಟಾಗಿನಿಂದ ಒಬ್ಬಾಕೆ ಇವಳ ಬೆನ್ನಿಗೇ ಇದ್ದಳಂತೆ. ಕೈ ಚಾಚಿದರೆ ‘ಮುಟ್ಟಬೇಡ, ದೊಡ್ಡವರನ್ನು ಕರೆದುಕೊಂಡು ಬಾ’ ಎಂದಳಂತೆ. ಬಿಲ್ಲಿನ ಸಾಲಿನಲ್ಲಿ ಹಿಂದೆ ಬಂದ ಮೂವರದು ಮೊದಲು ಮುಗಿಯಿತು. ಕೊನೆಗೆ ‘ಚೀಲ ತೆಗೆದು ತೋರಿಸು’ ಎಂದರು. ದೊಡ್ಡವರ ಕೈಚೀಲ ಬಿಚ್ಚಿಸುವ ಧೈರ್ಯ ಆ ಮಳಿಗೆಯಲ್ಲಿ ಯಾರಿಗಾದರೂ ಇದೆಯೇ?

ನಮ್ಮೂರಿನಲ್ಲಿ ಅಂಗಡಿಯ ಜಗಳ ಹೇಳಿದರೆ ಕನ್ನಡವೋ ಮರಾಠಿಯೋ ಎಂದು ಮೊದಲು ಕೇಳುತ್ತಾರೆ. ಇದು ಆ ಜಗಳವಲ್ಲ.

ಮರುದಿನ ವೈನಿ (ಅಣ್ಣನ ಹೆಂಡತಿ), ನಾನು, ಹುಡುಗಿ ಮೂವರೂ ಬಿಲ್ಲು ಹಿಡಿದು ಹೋದೆವು. ‘ಮಾರಿದ ಸರಕನ್ನು ಹಿಂಪಡೆಯುವುದಿಲ್ಲ’ ಎಂಬ ಫಲಕ ಗಲ್ಲೆಯ ಮೇಲೆಯೇ ತೂಗುತ್ತಿತ್ತು. ವೈನಿ ಬಾಯಿ ತೆರೆಯುವ ಮೊದಲೇ ‘ಕುಳಿತುಕೊಳ್ಳಿ ಮೇಡಂ’ ಎಂದು ಕುರ್ಚಿ ಬಂತು, ನೀರು ಬಂತು, ಸೀಲ್ ಇರುವ ಹೊಸ ಲಿಪ್‌ಸ್ಟಿಕ್ ಬಂತು. ನಿಜ ಹೇಳಬೇಕೆಂದರೆ ನನಗೆ ರೇಗಿದ್ದು ಆಗಲೇ. ಅವರಿಗೆ ಮರ್ಯಾದೆ ಗೊತ್ತಿಲ್ಲ ಎಂದುಕೊಂಡಿದ್ದೆ. ಚೆನ್ನಾಗಿಯೇ ಗೊತ್ತಿದೆ, ಆಳು ನೋಡಿ ಅಳೆದು ಕೊಡುತ್ತಾರೆ.

ಬೆನ್ನು ಹತ್ತಿದ್ದ ಹುಡುಗಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಾಮಾನು ಕಳೆದರೆ ತಮ್ಮ ಸಂಬಳದಲ್ಲಿಯೇ ಮುರಿದುಕೊಳ್ಳುತ್ತಾರೆ ಎಂದು ಆಕೆ ಮೆಲ್ಲಗೆ ಹೇಳಿದಳು. ಇಪ್ಪತ್ತು ದಾಟಿರದ ಹುಡುಗಿ, ದಿನವಿಡೀ ನಿಂತೇ ಇರಬೇಕು. ಆದರೆ ಹಚ್ಚಿ ನೋಡಲು ಇಟ್ಟ ಲಿಪ್‌ಸ್ಟಿಕ್ಕನ್ನು ಹೊಸದೆಂದು ಕೊಟ್ಟವನು ಗಲ್ಲೆಯಲ್ಲಿ ಕುಳಿತವನು. ಮಗು ತಿರುಗಿ ಕೇಳುವುದಿಲ್ಲ ಎಂಬ ಲೆಕ್ಕ ಹಾಕಿಯೇ ಕೊಟ್ಟಿದ್ದಾನೆ.

ಹೊರಡುವಾಗ ಮ್ಯಾನೇಜರ್ ನಗುನಗುತ್ತ, ಇಂಟರ್‌ನೆಟ್ಟಿನಲ್ಲಿ ನಮ್ಮ ಅಂಗಡಿಗೆ ಐದು ಸ್ಟಾರ್ ಕೊಡಿ ಎಂದ. ‘ಮೊದಲು ಈ ಹುಡುಗಿಯ ಹತ್ತಿರ ತಪ್ಪಾಯಿತು ಎನ್ನಿ’ ಎಂದೆ. ಆತ ವೈನಿಯ ಕಡೆ ತಿರುಗಿ ‘ತಪ್ಪಾಯಿತು ಮೇಡಂ’ ಎಂದ. ಹುಡುಗಿ ಅವನೆದುರೇ ನಿಂತಿದ್ದಳು.

ಆ ಫಲಕದ ಬಗ್ಗೆಯೂ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ಹಿಂಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸಿಲ್ಲದಿದ್ದರೆ 30 ದಿನದೊಳಗೆ ಹಿಂಪಡೆಯಲೇಬೇಕು. ಬಿಲ್ಲು ಕೊಡದಿರುವುದೂ ಅದೇ ಸಾಲಿನಲ್ಲಿ ಬರುತ್ತದೆ. ಕೊಂಡವರು ಅಪ್ರಾಪ್ತರಾಗಿದ್ದರೆ ತಂದೆತಾಯಿ ಅಥವಾ ಪೋಷಕರು ದೂರು ಕೊಡಬಹುದು ಎಂದು ಅದೇ ಕಾಯ್ದೆ ಬಿಡಿಸಿ ಹೇಳಿದೆ. ಅಂದರೆ ಕಾಯ್ದೆಯ ಕಣ್ಣಿಗೆ ಮಗುವೂ ಗ್ರಾಹಕನೇ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮಕ್ಕಳನ್ನು ಒಬ್ಬರೇ ಅಂಗಡಿಗೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಬಿಲ್ಲು ಕೇಳಿ ಪಡೆಯುವುದನ್ನು, ಸೀಲ್ ನೋಡುವುದನ್ನು ಕಲಿಸಿ. ನಮ್ಮ ಹುಡುಗಿ ಆ ಮಳಿಗೆಗೆ ಇನ್ನು ಹೋಗುವುದಿಲ್ಲ ಎಂದಿದ್ದಾಳೆ. ವೈನಿಯೂ ಅಷ್ಟೇ, ತಿಂಗಳ ಖರೀದಿಯನ್ನು ಬೇರೆ ಕಡೆ ಮಾಡಿಕೊಂಡಿದ್ದಾರೆ.