ಓದಿ ಒಪ್ಪಿದ ಮಹಾನುಭಾವರು

ಕೋರ್ಟಿನಲ್ಲಿ ಸುಳ್ಳು ಹೇಳಿದರೆ ಜೈಲು. ಫೋನಿನಲ್ಲಿ ಸುಳ್ಳು ಹೇಳದಿದ್ದರೆ ಆ್ಯಪ್ಪೇ ತೆರೆಯುವುದಿಲ್ಲ. ‘ಎಲ್ಲ ಷರತ್ತುಗಳನ್ನೂ ಓದಿದ್ದೇನೆ, ಒಪ್ಪಿದ್ದೇನೆ’ ಎಂಬ ಸಾಲಿನ ಪಕ್ಕ ಟಿಕ್ ಹಾಕಿದವನಿಗೆ ಮಾತ್ರ ಒಳಗೆ ಪ್ರವೇಶ. ಓದಿಲ್ಲವೆಂದು ನಮಗೆ ಗೊತ್ತು, ಕಂಪನಿಗೆ ಗೊತ್ತು, ಬರೆದ ವಕೀಲರಿಗಂತೂ ಚೆನ್ನಾಗಿಯೇ ಗೊತ್ತು. ಇಷ್ಟು ಜನ ಇಷ್ಟು ಸೌಹಾರ್ದದಿಂದ ಕೂಡಿ ನಡೆಸುವ ಸುಳ್ಳು, ಚುನಾವಣಾ ಪ್ರಣಾಳಿಕೆ ಬಿಟ್ಟರೆ, ಇದೊಂದೇ.

2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಎಂಬ ವಿಡಿಯೊ ಗೇಮ್ ಅಂಗಡಿ ತನ್ನ ಆನ್‌ಲೈನ್ ಷರತ್ತುಗಳ ನಡುವೆ, ಗ್ರಾಹಕರು ತಮ್ಮ ಅಮರ ಆತ್ಮವನ್ನು ನಮಗೆ ಬರೆದುಕೊಡುತ್ತಾರೆ ಎಂದು ಸೇರಿಸಿತು. ಕೊಡಲೊಲ್ಲೆ ಎಂದವರಿಗೆ ಐದು ಪೌಂಡಿನ ವೋಚರ್ ಇತ್ತು. ಆದರೂ ಸುಮಾರು 7,500 ಆತ್ಮಗಳು ಕೌಂಟರಿಗೆ ಬಂದು ಬಿದ್ದವು. ಕತ್ತಿ ಕಡಿಯದು, ಬೆಂಕಿ ಸುಡದು ಎಂದು ಕುರುಕ್ಷೇತ್ರದಲ್ಲಿ ಆತ್ಮಕ್ಕೆ ಭರವಸೆಯೇನೋ ಸಿಕ್ಕಿತ್ತು. ಟಿಕ್ ಮಾರ್ಕಿನ ವಿಷಯ ಅಲ್ಲಿ ಚರ್ಚೆಗೆ ಬರಲಿಲ್ಲ.

2017ರಲ್ಲಿ ಮ್ಯಾಂಚೆಸ್ಟರಿನ ಪರ್ಪಲ್ ಎಂಬ ವೈಫೈ ಕಂಪನಿಯದು ಇನ್ನೂ ಮಜಾ. ಪುಕ್ಕಟೆ ವೈಫೈಗೆ ಪ್ರತಿಯಾಗಿ 1,000 ಗಂಟೆ ಸಮಾಜಸೇವೆ: ಶೌಚಾಲಯ ತೊಳೆಯುವುದು, ಬೀದಿನಾಯಿಗಳನ್ನು ಅಪ್ಪಿಕೊಳ್ಳುವುದು, ಬಸವನಹುಳುವಿನ ಚಿಪ್ಪಿಗೆ ಬಣ್ಣ ಬಳಿಯುವುದು. ಎರಡು ವಾರದಲ್ಲಿ 22,000ಕ್ಕೂ ಹೆಚ್ಚು ಜನ ಒಪ್ಪಿದರು. ಷರತ್ತನ್ನು ಗಮನಿಸಿದ್ದು ಒಬ್ಬರೇ ಒಬ್ಬರು. (ಆ ಪುಣ್ಯಾತ್ಮರ ಮನೆಯವರ ಬಗ್ಗೆ ನನಗೆ ಕನಿಕರವಿದೆ.)

ನಮ್ಮಲ್ಲಿ ಇಷ್ಟು ಕೂಡ ಕಷ್ಟಪಡಬೇಕಿಲ್ಲ, ಒಪ್ಪುವ ಕೆಲಸವನ್ನೂ ಬೇರೆಯವರಿಗೆ ವಹಿಸಿದ್ದೇವೆ. ತಿಪಟೂರಿನಲ್ಲಿ ಕೊಬ್ಬರಿ ಮಾರಿ ಬಂದ ಯಜಮಾನರೊಬ್ಬರು ಮೊಬೈಲ್ ಅಂಗಡಿಯಲ್ಲಿ ಹೊಸ ಫೋನ್ ಕೊಂಡರೆನ್ನಿ. ಅಂಗಡಿ ಹುಡುಗ ಡಬ್ಬಿ ಬಿಚ್ಚಿ, ಸಿಮ್ ಹಾಕಿ, ಆನ್ ಮಾಡುತ್ತಾನೆ.

‘ಏನಪ್ಪಾ ಅದು, ಇಷ್ಟುದ್ದ ಬರ್ತಾ ಐತೆ?’

‘ಏನಿಲ್ಲ ಯಜಮಾನ್ರೇ, ಕಂಪನಿಯೋರ್ದು. ಹಂಗೇ ಬರುತ್ತೆ.’

‘ಓದ್ಬೇಕಾ?’

‘ಅಯ್ಯೋ, ಯಾರೋದ್ತಾರೆ!’

ಹುಡುಗನ ಹೆಬ್ಬೆರಳು ಟಪಟಪನೆ ಓಡುತ್ತದೆ. ಕಾಂಟ್ಯಾಕ್ಟ್ ನೋಡಬಹುದಾ, ನೋಡು. ಮೈಕ್ ಬಳಸಬಹುದಾ, ಬಳಸು. ಎಲ್ಲಿದ್ದಾರೆ ಎಂದು ಹೇಳಲಾ, ಹೇಳು. ಹತ್ತು ಸೆಕೆಂಡಿನಲ್ಲಿ ಯಜಮಾನರು ಕ್ಯಾಲಿಫೋರ್ನಿಯಾದ ಕಾನೂನಿಗೆ ಬದ್ಧರಾಗಿ, ಚಹಾ ಕುಡಿಯಲು ಎದ್ದಿರುತ್ತಾರೆ. ಲೆಕ್ಕ ಹಾಕಿದರೆ ಅರ್ಧ ತಾಲ್ಲೂಕಿನ ಒಪ್ಪಿಗೆ ಆ ಹುಡುಗನ ಒಂದು ಹೆಬ್ಬೆರಳಿನಲ್ಲಿದೆ. ಶಾಸಕರಿಗೂ ಇಷ್ಟು ಬೆಂಬಲವಿಲ್ಲ.

ಹಾಗಂತ ಯಜಮಾನರಿಗೆ ಓದುವ ಅಭ್ಯಾಸವಿಲ್ಲ ಎನ್ನಬೇಡಿ. ಪಹಣಿ ಕೈಗೆ ಬಂದರೆ ಕನ್ನಡಕ ಒರೆಸಿಕೊಂಡು ಸರ್ವೆ ನಂಬರಿನಿಂದ ಶುರು ಮಾಡುವವರು. ಎರಡು ಗುಂಟೆ ಕಮ್ಮಿ ಬಂದಿದ್ದರೆ ತಾಲ್ಲೂಕು ಆಫೀಸಿನಲ್ಲಿ ಮಧ್ಯಾಹ್ನದವರೆಗೆ ಜಗಳ. ಕ್ರಯಪತ್ರದ ಚೆಕ್ಕುಬಂದಿ ಅವರಿಗೆ ಬಾಯಿಪಾಠ. ಪಹಣಿ ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಬಹುದಲ್ಲ, ಅದಕ್ಕೇ ಓದುತ್ತಾರೆ. ಇಲ್ಲಿ ‘ಹದಿನೇಳನೇ ಷರತ್ತು ಬೇಡ, ಉಳಿದದ್ದು ಸರಿ’ ಎಂದು ಬರೆಯಲು ಅರ್ಧ ಇಂಚು ಜಾಗವಿದೆಯೆ? ಓದಿದರೂ ಅದೇ ಬಟನ್, ಓದದಿದ್ದರೂ ಅದೇ ಬಟನ್. ವೆಬ್‌ಸೈಟುಗಳ ಖಾಸಗಿತನದ ನೀತಿಗಳನ್ನಷ್ಟೇ ಓದಲು ಒಬ್ಬರಿಗೆ ವರ್ಷಕ್ಕೆ 200 ಗಂಟೆ ಬೇಕೆಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಅಂದಾಜಿಸಿದ್ದರು. ಆಗಿನ್ನೂ ನಮ್ಮ ಹಾಲಿನವನು ಆ್ಯಪ್ ಆಗಿರಲಿಲ್ಲ.

1872ರ ನಮ್ಮ ಕರಾರು ಕಾಯ್ದೆ ಬಹಳ ಮರ್ಯಾದಸ್ಥ ಕಾಯ್ದೆ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ ಎನ್ನುತ್ತದೆ. ಅದಕ್ಕೇನೂ ಚ್ಯುತಿ ಬಂದಿಲ್ಲ. ಇದನ್ನು ಯಾರೂ ಓದುವುದಿಲ್ಲ ಎಂಬ ವಿಷಯವನ್ನು ಎರಡೂ ಕಡೆಯವರು ಒಂದೇ ಅರ್ಥದಲ್ಲಿ ಒಪ್ಪಿದ್ದಾರೆ.

ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಒಪ್ಪಿಗೆ ಕೇಳುವ ಕೋರಿಕೆ ಸರಳವಾಗಿರಬೇಕು, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ನೋಡಲು ಸಿಗಬೇಕು ಎನ್ನುತ್ತದೆ. ಸಂತೋಷದ ಸಂಗತಿ. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಓದದೆ ಬಿಟ್ಟದ್ದನ್ನು ಇನ್ನು ಮಾತೃಭಾಷೆಯಲ್ಲೇ ಹೆಮ್ಮೆಯಿಂದ ಓದದೆ ಬಿಡಬಹುದು. ಸುದ್ದಿ ಕೇಳಿದರೆ ಅಂಗಡಿ ಹುಡುಗನಿಗೆ ಇರುವ ಆತಂಕ ಒಂದೇ:

‘ಕನ್ನಡದಲ್ಲಿ ಬರ್ಲಿ ಬಿಡಿ ಸಾರ್. ಬಟನ್ ಮಾತ್ರ ಅದೇ ಜಾಗದಲ್ಲೇ ಇರುತ್ತಲ್ಲ?’